ಓಟ, ಮಳೆ ಮತ್ತು ದಾಸೋಹ

(ಗೊರೇಬಾಳದ ಸದ್ಭಕ್ತರ ಸಭೆಯಲ್ಲಿ ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದಿನ ನಮ್ಮ ಚಿಂತನೆಯ ವಿಷಯ ಓಟ. ಗದ್ದುಗೆಯ ಮುಂದೆ ಕುಳಿತು ಸ್ವಾಮಿಗಳು ಓಟದ ಮಾತನ್ನೇಕೆ ಆಡುತ್ತಾರೆ ಎಂದು ನೀವು ನಗಬಹುದು. ನಗಿರಿ, ಚಿಂತೆಯಿಲ್ಲ. ಈಗ ಪಟ್ಟಣ ಪಟ್ಟಣಗಳಲ್ಲಿ ಓಟದ ಸಂಘಗಳಾಗಿವೆ. ಶನಿವಾರ ಮಕ್ಕಳ ಓಟ, ರವಿವಾರ ದೊಡ್ಡವರ ಓಟ. ತಿಂಗಳುಗಟ್ಟಲೆ ಮೊದಲೇ ದಿನ ಗೊತ್ತು ಮಾಡಿರುತ್ತಾರೆ, ಹಣ ಕಟ್ಟಿಸಿಕೊಂಡಿರುತ್ತಾರೆ, ಪದಕ ಮಾಡಿಸಿಟ್ಟಿರುತ್ತಾರೆ. ಆದರೆ ಮಳೆರಾಯನಿಗೆ ಆಮಂತ್ರಣ ಪತ್ರಿಕೆ ಬೇಕಾಗುವದಿಲ್ಲ. ಸರಿಯಾಗಿ ಆ ಎರಡು ದಿನವೇ ಅವನು ಬಂದು ಕೂಡುತ್ತಾನೆ. ಆಗ ಓಡಬೇಕೋ, ಬಿಡಬೇಕೋ? ಇದು ಓಡುವವರ ಪ್ರಶ್ನೆ ಮಾತ್ರವಲ್ಲ. ನೆಲ್ಲು ಕೊಯ್ದು ರಸ್ತೆಯ ಮೇಲೆ ಒಣಹಾಕಿ ಮೋಡದ ಕಡೆ ನೋಡುತ್ತ ಕೂಡುವ ನಿಮ್ಮ ಪ್ರಶ್ನೆಯೂ ಅದೇ.

ಓಟ ನಮಗೇನೂ ಹೊಸದಲ್ಲ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಎತ್ತುಗಳ ಹಿಂದೆ ಓಡದ ಹುಡುಗ ಈ ಸೀಮೆಯಲ್ಲಿ ಯಾರಿದ್ದಾನೆ? ಮಳೆ ಬಿದ್ದ ಎರಿ ಹೊಲದಲ್ಲಿ ಹತ್ತು ಮಾರು ಓಡಿ ನೋಡಿರಿ. ಒಂದೊಂದು ಕಾಲಿಗೆ ಸೇರುಗಟ್ಟಲೆ ಮಣ್ಣು ಹತ್ತುತ್ತದೆ. ಆ ಮಣ್ಣು ಹೊತ್ತುಕೊಂಡೇ ನಮ್ಮ ರೈತ ಜೀವಮಾನವೆಲ್ಲ ನಡೆಯುತ್ತಾನೆ.

ನಮ್ಮ ನಾಡಿನವನೇ ಒಬ್ಬನ ಮಾತು ಕೇಳಿರಿ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ಪಟ್ಟಣದಲ್ಲಿ ಒಲಿಂಪಿಕ್ ಪಂದ್ಯಗಳಾದವು. ಅದಕ್ಕೂ ಮೊದಲು ದೊರಾಬ್ಜಿ ಟಾಟಾ ಅವರು ಪುಣೆಯ ಡೆಕ್ಕನ್ ಜಿಮಖಾನದಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ದೂರದ ಓಟ ಓಡುವದನ್ನು ಕಂಡು ಬೆರಗಾಗಿದ್ದರು. ಕಲಿಸಿದವರಿಲ್ಲ, ಕಾಲಿಗೆ ಜೋಡಿಲ್ಲ. ಆದರೂ ಯುರೋಪಿನವರ ಸಮಯಕ್ಕೆ ಹತ್ತಿರ ಬರುವ ಓಟ. ಇವರನ್ನು ಜಗತ್ತಿನ ಮುಂದೆ ನಿಲ್ಲಿಸಬೇಕೆಂದು ಟಾಟಾ ಅವರು ಮುಂದಾದರು. ಹಾಗೆ ಹೋದ ಆರು ಜನರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬನು. ಅಗಸ್ಟ್ 22ರಂದು ಮ್ಯಾರಥಾನ್ ಓಟ. ದಾರಿ 42 ಕಿಲೋಮೀಟರಿನ ಮೇಲೆ ಮುಕ್ಕಾಲು. ಮೇಲೆ ತಂಪು ಗಾಳಿ, ಜಿಟಿಜಿಟಿ ಮಳೆ. ಬಿಸಿಲ ನಾಡಿನ ಮೈಗೆ ಆ ಥಂಡಿ ಹೇಗಾಗಿರಬೇಡ! ಗೆದ್ದವನು ಫಿನ್ಲಂಡ್ ದೇಶದ ಕೊಲೆಮೈನೆನ್. ನಮ್ಮ ಫಡೆಪ್ಪ 2 ತಾಸು 50 ನಿಮಿಷದ ಮೇಲೆ ಕೆಲವು ಸೆಕೆಂಡು ಓಡಿ 19ನೆಯವನಾಗಿ ಮುಟ್ಟಿದನು. ಹತ್ತೊಂಬತ್ತನೆಯವನಿಗೆ ಹಾರವಿಲ್ಲ, ಪದಕವಿಲ್ಲ. ಆದರೂ ಹೊರಟ ದಾರಿಯನ್ನು ಮುಗಿಸಿದನು. ಬಾಜಾ ಬಜಂತ್ರಿಯಿಲ್ಲದೆ ಮುಗಿಸಿದ ಕೆಲಸಕ್ಕೇ ಶರಣರು ಕಾಯಕವೆಂದು ಹೆಸರಿಟ್ಟರು.

ಅದೇ ಓಟದಲ್ಲಿ 16ನೆಯವನಾಗಿ ಬಂದವನು ಜಪಾನಿನ ಶಿಜೋ ಕನಕುರಿ. ಇವನ ಕಥೆ ಇನ್ನೂ ವಿಚಿತ್ರ. ಎಂಟು ವರ್ಷದ ಹಿಂದೆ, 1912ರಲ್ಲಿ, ಸ್ವೀಡನ್ನಿನ ಸ್ಟಾಕಹೋಮ್ ಓಟಕ್ಕೂ ಇವನು ಹೋಗಿದ್ದನು. ಅಂದು ಬಿಸಿಲು 30 ಡಿಗ್ರಿ ದಾಟಿತ್ತು. ನಮ್ಮ ರಾಯಚೂರ ಜಿಲ್ಲೆಯವರು ಅದನ್ನು ತಂಪು ಎನ್ನುತ್ತೇವೆ! ಆದರೆ ಓಡುವ ಮೈಗೆ ಒಳಗಿನ ಬೆಂಕಿಯೂ ಇರುತ್ತದೆ. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಜಾರೊ ಎಂಬ ತರುಣ ಬಿಸಿಲು ತಾಗಬಾರದೆಂದು ಮೈಗೆಲ್ಲ ಜಿಡ್ಡು ಬಳಿದುಕೊಂಡಿದ್ದನು. ಬೆವರು ಹೊರಬೀಳಲು ದಾರಿಯಿಲ್ಲದಾಯಿತು. ದಾರಿಯಲ್ಲಿ ಬಿದ್ದವನು ಮರುದಿನ ತೀರಿಕೊಂಡನು. ಕನಕುರಿಯೂ ಬಸವಳಿದನು. ದಾರಿಬದಿಯ ಒಂದು ಮನೆಯವರು ಕರೆದು ಕುಡಿಯಲು ಕೊಟ್ಟು ಉಪಚರಿಸಿದರು. ಅವನು ಅಲ್ಲಿಗೇ ಓಟ ಬಿಟ್ಟು, ನಾಚಿಕೆಯಿಂದ ಯಾರಿಗೂ ಹೇಳದೆ ಊರಿಗೆ ಹೋದನು. ಸ್ವೀಡನ್ನಿನವರು ಆತ ಕಾಣೆಯಾದನೆಂದು ಬರೆದುಕೊಂಡರು! 1967ರಲ್ಲಿ ಅವನನ್ನು ಮತ್ತೆ ಕರೆಸಿದರು. 75 ವರ್ಷದ ಮುದುಕ ಉಳಿದ ಗೆರೆಯನ್ನು ದಾಟಿದನು. ಅವನ ಸಮಯವೆಷ್ಟು ಗೊತ್ತೆ? 54 ವರ್ಷ, 8 ತಿಂಗಳು, 6 ದಿನ, ಅದರ ಮೇಲೆ 5 ತಾಸು 32 ನಿಮಿಷ! ಜಗತ್ತು ನಕ್ಕಿತು, ಅವನೂ ನಕ್ಕನು. ಇಬ್ಬರನ್ನೂ ನೆನಪಿಡಿರಿ. ಒಬ್ಬ ನಿಲ್ಲಲಿಲ್ಲ, ಒಬ್ಬ ನಿಂತ. ನಿಂತವನು ಎಂಟು ವರ್ಷದ ಮೇಲೆ ಮಳೆಯಲ್ಲಿ ಮತ್ತೆ ಓಡಿದ, ಮಕ್ಕಳು ಮೊಮ್ಮಕ್ಕಳನ್ನು ಕಂಡ.

ಹಾಗಾದರೆ ಮಳೆ ಬಂದೊಡನೆ ಮನೆಯಲ್ಲಿ ಹೊದ್ದು ಮಲಗಬೇಕೆ? ಅಲ್ಲ. 2018ರ ಏಪ್ರಿಲ್ 16ರಂದು ಅಮೇರಿಕದ ಬಾಸ್ಟನ್ ಪಟ್ಟಣದ ಓಟದಲ್ಲಿ ಮಂಜಿನಂಥ ಮಳೆ, ಎದೆಗೆ ಎದುರುಗಾಳಿ. ಹೆಸರಾಂತ ಓಟಗಾರರೇ ಎಷ್ಟೋ ಮಂದಿ ನಡುವೆ ಬಿಟ್ಟರು. ಗೆದ್ದವನು ಜಪಾನಿನ ಯುಕಿ ಕವಾಉಚಿ. ಅವನು ಆಗ ಸರ್ಕಾರಿ ನೌಕರ. ದಿನದ ಕಚೇರಿ ಕೆಲಸ ತಪ್ಪಿಸದೆ, ಉಳಿದ ಹೊತ್ತಿನಲ್ಲಿ ಓಡುವವನು. ಹೆಣ್ಣುಮಕ್ಕಳಲ್ಲಿ ಎರಡನೆಯವಳಾಗಿ ಬಂದ ಸಾರಾ ಸೆಲರ್ಸ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವ ನರ್ಸು. ಅದು ಅವಳ ಎರಡನೆಯ ಮ್ಯಾರಥಾನ್ ಅಷ್ಟೆ. ದಿನವೂ ದುಡಿಯುವವರಿಗೆ ಕೆಟ್ಟ ಹವೆ ಹೊಸದಲ್ಲ. ಅವರು ಹದವಾದ ದಿನಕ್ಕಾಗಿ ಕಾದು ಕುಳಿತವರಲ್ಲ.

ಹೆಣ್ಣುಮಕ್ಕಳಲ್ಲಿ ಮೊದಲು ಬಂದವಳು ಯಾರು? ಡೆಸ್ ಲಿಂಡನ್ ಎಂಬವಳು. ಅಂದು ಆಕೆಗೇ ಮೈ ಸರಿಯಿರಲಿಲ್ಲ, ಬಿಟ್ಟುಬಿಡೋಣವೆಂದಿದ್ದಳು. ನನ್ನಿಂದಾಗದಿದ್ದರೆ ನಿನಗಾದರೂ ನೆರವಾಗುತ್ತೇನೆಂದು ಜೊತೆಯ ಶಲೇನ್ ಫ್ಲಾನಗನ್‌ಳಿಗೆ ಹೇಳಿದಳು. ಆಕೆ ಬಹಿರ್ದೆಸೆಗೆ ನಿಲ್ಲಬೇಕಾದಾಗ ಈಕೆ ತನ್ನ ಓಟವನ್ನು ನಿಧಾನ ಮಾಡಿ ಕಾದಳು. ಇಬ್ಬರೂ ಕೂಡಿ ಮುಂದಿನ ಗುಂಪನ್ನು ಹಿಡಿದರು. ಎದುರಾಳಿಗಾಗಿ ಕಾದವಳೇ ಕೊನೆಗೆ ಗೆದ್ದಳು. ತಾಯಂದಿರೆ, ಇದಕ್ಕೆ ನಾವು ದಾಸೋಹವೆನ್ನದೆ ಮತ್ತೇನೆನ್ನೋಣ? ಅನ್ನ ನೀಡುವದೊಂದೇ ದಾಸೋಹವಲ್ಲ. ಅವಸರದ ಹೊತ್ತಿನಲ್ಲಿ ಮತ್ತೊಬ್ಬರಿಗಾಗಿ ನಿಲ್ಲುವದೂ ದಾಸೋಹವೇ.

ಇನ್ನು ದುಃಖದ ಮಾತು. ಹೇಳದೆ ಬಿಟ್ಟರೆ ನಮ್ಮ ಮಾತು ಅರ್ಧವಾಗುತ್ತದೆ. 2021ರ ಮೇ 22, ಶನಿವಾರ. ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ ಹಳದಿ ನದಿಯ ದಂಡೆಯ ಗುಡ್ಡಗಳಲ್ಲಿ 100 ಕಿಲೋಮೀಟರಿನ ಓಟ. ಹೊರಟವರು 172 ಜನ. ಮೈಮೇಲೆ ತೆಳುವಾದ ಅಂಗಿ, ಮೊಣಕಾಲ ಮೇಲಿನ ಚಡ್ಡಿ. ಗಾಳಿ ತಡೆಯುವ ಕೋಟು ಕಡ್ಡಾಯವಿರಲಿಲ್ಲ. ಎತ್ತರದ ಗುಡ್ಡದಲ್ಲಿ ಒಮ್ಮೆಲೇ ಬಿರುಗಾಳಿ, ಆಣೆಕಲ್ಲು, ಹೆಪ್ಪುಗಟ್ಟಿಸುವ ಮಳೆ. ಹಿಂದೆ ದೊಡ್ಡ ದೊಡ್ಡ ಓಟಗಳನ್ನು ಗೆದ್ದವರೂ ಸೇರಿ 21 ಜನ ಥಂಡಿಯಿಂದ ಸತ್ತರು. ಹವೆಯ ಎಚ್ಚರಿಕೆ ಮೊದಲೇ ಬಂದಿತ್ತು. ನಡೆಸುವವರು ಅದಕ್ಕೆ ತಕ್ಕ ಏರ್ಪಾಡು ಮಾಡಲಿಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು.

ಆ ಗುಡ್ಡದಲ್ಲಿ ಒಬ್ಬ ಕುರಿಗಾಹಿಯಿದ್ದನು, ಝು ಕೆಮಿಂಗ್ ಎಂದು. ಮಳೆಗೆ ತಾನೂ ಒಂದು ಗವಿ ಸೇರಿದ್ದನು. ಹೊರಗೆ ಒಬ್ಬ ಓಟಗಾರ ನಡುಗುತ್ತ ನಿಂತದ್ದನ್ನು ಕಂಡು ಕೈಹಿಡಿದು ಒಳಗೆ ಕರೆತಂದನು. ಕೈಕಾಲು ತಿಕ್ಕಿದನು, ಬೆಂಕಿ ಹಾಕಿದನು, ಒದ್ದೆ ಬಟ್ಟೆ ಒಣಗಿಸಿದನು. ಮತ್ತೆ ನಾಲ್ವರು ಬಂದರು. ಹೊರಗೆ ಇನ್ನೂ ಮಂದಿ ಬಿದ್ದಿದ್ದಾರೆಂದು ಕೇಳಿ ಆ ಗಾಳಿಯಲ್ಲೇ ಹೋಗಿ ಎಚ್ಚರದಪ್ಪಿದ ಒಬ್ಬನನ್ನು ತಂದನು. ಹೀಗೆ ಆರು ಜೀವ ಉಳಿದವು. ಲೋಕ ಕೊಂಡಾಡಿದಾಗ, ತಾನು ಉಳಿಸಲಾಗದವರನ್ನು ನೆನೆದು ಅವನು ಮರುಗಿದನು. ಅವನ ಕೊರಳಲ್ಲಿ ಲಿಂಗವಿರಲಿಲ್ಲ, ಬಸವಣ್ಣನವರ ಹೆಸರನ್ನು ಅವನು ಕೇಳಿರಲಾರ. ಆದರೆ ಅಂದು ಆ ಗವಿಯೇ ಮಹಾಮನೆಯಾಯಿತು. ಲಿಂಗ ಕಟ್ಟಿಕೊಂಡ ನಮ್ಮ ಮನೆಗಳ ಬಾಗಿಲು ಮಳೆಯಲ್ಲಿ ನಿಂತವನಿಗೆ ತೆರೆಯುತ್ತದೆಯೆ? ಒಳಗೆ ಕೇಳಿಕೊಳ್ಳಿರಿ.

ಅಂದು ಕೆಲವರು ಅರ್ಧ ದಾರಿಗೆ ತಿರುಗಿ ಬಂದರು, ಉಳಿದರು. ತಿರುಗುವದು ಸೋಲೆಂದು ತರುಣರು ತಿಳಿಯುತ್ತಾರೆ. ಲಿಂಗಸುಗೂರ ತಾಲೂಕಿನ ಅಮರೇಶ್ವರ ಸೀಮೆಯವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರನ್ನು ನೆನೆಯಿರಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಲಕ್ಕಮ್ಮ ಏನೆಂದಳು? ನಮಗೆ ಬೇಕಾದಷ್ಟು ಸಾಕು, ಮಿಕ್ಕದ್ದನ್ನು ತಂದಲ್ಲಿಗೇ ಹಾಕಿ ಬಾ ಎಂದಳು. ಮಾರಯ್ಯ ತಿರುಗಿ ಹೋದನು. ಅದು ಸೋಲೆ? ಎಂಟು ನೂರು ವರ್ಷ ಮೀರಿದರೂ ಆ ತಿರುಗಿದ ಹೆಜ್ಜೆಯನ್ನೇ ನಾವು ಹಾಡುತ್ತಿದ್ದೇವೆ. ಮೈಗೆ ಮೀರಿದ ಪದಕದಾಸೆ ಎಂದರೆ ಹೆಚ್ಚಾಗಿ ಬಂದ ಅಕ್ಕಿ. ಅದನ್ನು ಅಲ್ಲಿಯೇ ಬಿಟ್ಟು ಬರುವ ಎದೆಗಾರಿಕೆ ಬೇಕು. ಓಡಲು ಒಂದು ಪಾಲು ಧೈರ್ಯ ಸಾಕು, ತಿರುಗಲು ಎರಡು ಪಾಲು ಬೇಕು.

ಆದರೆ ಒಂದು ಮಾತು. ಮಾರಯ್ಯನಿಗೆ ಹೇಳಲು ಮನೆಯಲ್ಲಿ ಲಕ್ಕಮ್ಮನಿದ್ದಳು. ಓಡುವವನಿಗೆ ಓಟದ ಅಮಲಿನಲ್ಲಿ ತನ್ನ ಮೈ ತನಗೆ ತಿಳಿಯುವದಿಲ್ಲ. ಅವನಿಗೆ ಲಕ್ಕಮ್ಮನಾಗಬೇಕಾದವರು ಓಟ ನಡೆಸುವವರು. ನಮ್ಮ ಸೀಮೆಯಲ್ಲಿ ಓಟವಿಡುವ ತರುಣರು ಕೇಳಿರಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊತ್ತು ಏರುವ ಮೊದಲೇ ಓಟ ಮುಗಿಯಲಿ. ಸಿಡಿಲು ಗುಡುಗಿದರೆ ಬಯಲಲ್ಲಿ ಒಬ್ಬನೂ ಇರಬಾರದು, ಮರದ ಕೆಳಗಂತೂ ನಿಲ್ಲಲೇಬಾರದು. ನಡುಗುತ್ತ ಮಾತು ತೊದಲುವವನನ್ನು ಹುರಿದುಂಬಿಸಿ ಓಡಿಸಬೇಡಿರಿ. ಒದ್ದೆ ಬಟ್ಟೆ ತೆಗೆಸಿ ಕಂಬಳಿ ಹೊದಿಸಿರಿ. ಹೋದವರೆಷ್ಟು ಬಂದವರೆಷ್ಟು ಎಂದು ಎಣಿಸಿರಿ. ಕೊನೆಯವನು ಮುಟ್ಟುವವರೆಗೆ ನೀರಿನ ಕೊಡ ಎತ್ತಬೇಡಿರಿ. ಯುಗಾದಿಯ ಮುಂದೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ರೊಟ್ಟಿ ನೀಡುವ ನಾಡಿದು; ಕಾಲಿಗೆ ಬೊಬ್ಬೆ ಬಂದು ಹಿಂದೆ ಉಳಿದವನಿಗೂ ಎಲೆ ತೆಗೆದಿಡುತ್ತೀರಿ. ಅದೇ ರೀತಿ ಇಲ್ಲಿಯೂ ನಡೆಯಲಿ. ಮೋಡ ಕೆಟ್ಟರೆ ಓಟ ನಿಲ್ಲಿಸಿರಿ. ಕಟ್ಟಿದ ಹಣದ ಲೆಕ್ಕ ನಾಳೆ ಆದೀತು, ಹೋದ ಜೀವ ಬಾರದು.

ನಮ್ಮ ಮಗ್ಗುಲಲ್ಲೇ ಮಸ್ಕಿಯಿದೆ. 1915ರಲ್ಲಿ ಅಲ್ಲಿ ದೊರೆತ ಶಿಲಾಶಾಸನದಲ್ಲಿ ಅಶೋಕ ಮಹಾರಾಜನ ಹೆಸರು ಸ್ಪಷ್ಟವಾಗಿದೆ. ದೊಡ್ಡವರು ಮಾತ್ರ ಎತ್ತರ ಮುಟ್ಟಬಲ್ಲರೆಂದು ತಿಳಿಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಮುಟ್ಟಬಲ್ಲನೆಂಬ ಭಾವ ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಕಲ್ಲು ಹೇಳಿದ್ದನ್ನು ಕಲ್ಯಾಣದಲ್ಲಿ ಶರಣರು ಬಾಳಿ ತೋರಿಸಿದರು. ಹತ್ತೊಂಬತ್ತನೆಯ ಫಡೆಪ್ಪ, ನರ್ಸು ಸಾರಾ, ಗವಿಯ ಕುರಿಗಾಹಿ ಎಲ್ಲರೂ ಆ ಮಾತಿಗೆ ಸಾಕ್ಷಿ.

ಆದ್ದರಿಂದ ಮಕ್ಕಳೆ, ಓಡಿರಿ. ಶರೀರ ಲಿಂಗದ ಮನೆ. ಅದನ್ನು ಗಟ್ಟಿಯಾಗಿಡಿರಿ, ಹಟಕ್ಕೆ ಬಲಿ ಕೊಡಬೇಡಿರಿ. ಜೊತೆಯವನು ಬಿದ್ದರೆ ನಿಲ್ಲಿರಿ. ಮುಂದೆ ಹೋಗುವ ಬಲವನ್ನೂ, ಹಿಂದೆ ಬರುವ ತಿಳಿವನ್ನೂ, ಮಳೆಯಲ್ಲಿ ನೆನೆದವನಿಗೆ ಬಾಗಿಲು ತೆರೆಯುವ ಅಂತಃಕರಣವನ್ನೂ ಗುರು ಬಸವಣ್ಣನವರು ನಿಮಗೆಲ್ಲ ಕರುಣಿಸಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹೇಳುತ್ತೇವೆ.