‘ನೋಡಿ’ ಕಾರ್ಡು ಮತ್ತು ಕೈದಿ ಸಂಖ್ಯೆ 264

ಡ್ಯೂಯಿ ದಶಮಾಂಶ ಪದ್ಧತಿಯ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ರ‍್ಯಾಕಿನ ಉದ್ದಕ್ಕೂ ಸರಿಯುತ್ತ ಹೋದರೆ ತೆಲುಗು ಸಿಗುತ್ತದೆ, ಮುಂದೆ ಚೀನೀ, ಜಪಾನಿ, 895.7ಕ್ಕೆ ಕೊರಿಯನ್. ಬೇಂದ್ರೆಯವರಿಂದ ಕೊರಿಯನ್ ಕವಿ ಕಿಮ್ ಸೊವೋಲ್‌ವರೆಗೆ ಕೆಲವೇ ಹೆಜ್ಜೆ. ಆದರೂ ಕೊರಿಯನ್ ಕವಿತೆ ನಮ್ಮ ಕೈಗೆ ಬರುವುದು ಬಹುಪಾಲು ಇಂಗ್ಲಿಷಿನ ಮೂಲಕವೇ.

ಅದನ್ನು ಇಂಗ್ಲಿಷಿಗೆ ತಂದವರಲ್ಲಿ ಧರ್ಮಗುರುಗಳಿದ್ದಾರೆ, ಪ್ರಾಧ್ಯಾಪಕರಿದ್ದಾರೆ. 1954ರಲ್ಲಿ ಕೊರಿಯಾಕ್ಕೆ ಹೋದ ಆಂಗ್ಲಿಕನ್ ಪಾದ್ರಿ ರಿಚರ್ಡ್ ರಟ್, ಮೂರು ಸಾಲಿನ ‘ಸಿಜೋ’ ಪದ್ಯಗಳ ಅನುವಾದವನ್ನು 1971ರಲ್ಲಿ ಪ್ರಕಟಿಸಿದರು. ಬ್ರದರ್ ಆಂಟನಿ ಸೋಲ್‌ನ ಸೊಗಾಂಗ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಹತ್ತಾರು ಕವನ ಸಂಕಲನಗಳನ್ನು ಅನುವಾದಿಸಿದರು. ಇವತ್ತಿನ ಉಪನ್ಯಾಸ ಇನ್ನೊಂದು ಬಗೆಯವರ ಕುರಿತದ್ದು: ಹಗಲು ವಿಶ್ವವಿದ್ಯಾಲಯದ ಗ್ರಂಥಪಾಲಕರು, ಸಂಜೆ ಕವಿತೆಯ ಅನುವಾದಕರು.

ಹಗಲಿನ ಕೆಲಸ ಹೆಸರಿನಿಂದ ಶುರು. ಕೊರಿಯಾದ ಒಂದು ಮನೆತನದ ಹೆಸರಿನ ಉಚ್ಚಾರ ಬರಿಯ ‘ಈ’. ಇಂಗ್ಲಿಷಿಗೆ ಬಂದಾಗ ಒಬ್ಬರು ಲೀ ಆಗುತ್ತಾರೆ, ಒಬ್ಬರು ಯೀ, ಮತ್ತೊಬ್ಬರು ರೀ. ಕೊರಿಯಾ ಸರ್ಕಾರ 2000ದಲ್ಲಿ ಹೊಸ ಲಿಪ್ಯಂತರ ಕ್ರಮ ತಂದಿತು; ಅಮೆರಿಕದ ಗ್ರಂಥಾಲಯಗಳು ನೆಚ್ಚಿಕೊಂಡಿರುವುದು 1939ರಲ್ಲಿ ಪ್ರಕಟವಾದ ಮೆಕ್ಯೂನ್–ರೈಷಾವರ್ ಕ್ರಮವನ್ನು. ಹೀಗಾಗಿ ಪುಸ್ತಕದ ಮುಖಪುಟದಲ್ಲಿ ಒಂದು ಕಾಗುಣಿತ, ಕ್ಯಾಟಲಾಗಿನಲ್ಲಿ ಇನ್ನೊಂದು. ಗ್ರಂಥಪಾಲಕರು ಒಂದು ರೂಪವನ್ನು ಗೊತ್ತುಮಾಡಿ, ಉಳಿದವುಗಳಿಂದ ಅದಕ್ಕೆ ದಾರಿ ತೋರಿಸುತ್ತಾರೆ. ಹಳೆಯ ಕಾಲದ ಕಾರ್ಡಿನಲ್ಲಿ ಆ ದಾರಿಗೆ ಒಂದೇ ಮಾತು: ‘ನೋಡಿ’.

ಈ ಜೋಡಣೆ ತಪ್ಪಿದರೆ ಪುಸ್ತಕ ಇದ್ದೂ ಇಲ್ಲದಂತೆ. ಕೊರಿಯಾದ ಅರಮನೆಯ ವಿಧಿವಿಧಾನಗಳನ್ನು ದಾಖಲಿಸಿದ ಹೊತ್ತಗೆಗಳನ್ನು 1866ರಲ್ಲಿ ಫ್ರೆಂಚ್ ನೌಕಾಪಡೆ ಹೊತ್ತೊಯ್ದಿತ್ತು. ಅವು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಚೀನೀ ಪುಸ್ತಕಗಳೆಂದು ದಾಖಲಾಗಿ ಮರೆಯಾಗಿಬಿಟ್ಟವು. ಎಪ್ಪತ್ತರ ದಶಕದಲ್ಲಿ ಅವನ್ನು ಪತ್ತೆ ಮಾಡಿದವರು ಅಲ್ಲೇ ಕೆಲಸದಲ್ಲಿದ್ದ ಪಾಕ್ ಬ್ಯೊಂಗ್-ಸನ್. 1377ರಲ್ಲಿ ಲೋಹದ ಅಚ್ಚುಮೊಳೆಯಿಂದ ಮುದ್ರಿಸಿದ ‘ಜಿಕ್ಜಿ’ ಎಂಬ ಪುಸ್ತಕವನ್ನು 1972ರ ಪ್ರದರ್ಶನದ ಹೊತ್ತಿಗೆ ಜಗತ್ತಿನ ಕಣ್ಣಿಗೆ ತಂದವರೂ ಅವರೇ. ಅರಮನೆಯ ಆ 297 ಹೊತ್ತಗೆಗಳು 2011ರಲ್ಲಿ ಕೊರಿಯಾಕ್ಕೆ ಮರಳಿದವು, ಅದೂ ಸಾಲದ ರೂಪದಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಕವಿಗಳ ಹೆಸರಂತೂ ಇನ್ನೂ ತೊಡಕು. ಕವಿ ಈ ಯುಕ್ಸಾ ಹುಟ್ಟಿದ್ದು 1904ರಲ್ಲಿ. ಮನೆಯವರಿಟ್ಟ ಹೆಸರು ಬೇರೆ. ಜಪಾನೀ ಆಳ್ವಿಕೆಯಲ್ಲಿ ಜೈಲು ಸೇರಿದಾಗ ಅವರಿಗೆ ಕೊಟ್ಟ ಕೈದಿ ಸಂಖ್ಯೆ 264. ಕೊರಿಯನ್ನಿನಲ್ಲಿ ಎರಡು, ಆರು, ನಾಲ್ಕು ಎಂದರೆ ಈ, ಯುಕ್, ಸಾ. ಆ ಸಂಖ್ಯೆಯನ್ನೇ ಕಾವ್ಯನಾಮ ಮಾಡಿಕೊಂಡರು. 1944ರಲ್ಲಿ ಬೀಜಿಂಗಿನ ಸೆರೆಮನೆಯಲ್ಲಿ ಸತ್ತರು. ಕ್ಯಾಟಲಾಗು ಹುಟ್ಟುಹೆಸರಿನಿಂದ ಕಾವ್ಯನಾಮಕ್ಕೆ ದಾರಿ ತೋರಿಸಬಲ್ಲದು. ಇಂಗ್ಲಿಷ್ ಪುಟದ ಮೇಲೆ ಮಾತ್ರ ಬರಿಯ ಹೆಸರು ಕಾಣುತ್ತದೆ, ಸಂಖ್ಯೆ ಕೇಳಿಸುವುದಿಲ್ಲ.

ಸಂಜೆಯ ಪೇಚು ಇದೇ: ಕವಿತೆಯೊಳಗೆ ‘ನೋಡಿ’ ಕಾರ್ಡು ಇಡುವಂತಿಲ್ಲ.

ಬೌದ್ಧ ಭಿಕ್ಷು ಹಾನ್ ಯೊಂಗ್-ಉನ್ 1926ರಲ್ಲಿ ತಂದ ಸಂಕಲನದ ಹೆಸರಿನಲ್ಲೇ ‘ನಿಮ್’ ಎಂಬ ಪದವಿದೆ. ನಲ್ಲ, ನಲ್ಲೆ, ಒಡೆಯ, ಬುದ್ಧ, ಕಳೆದುಹೋದ ನಾಡು, ಎಲ್ಲವೂ ಅದರಲ್ಲಿ ಅಡಗಿವೆ. ಅನುವಾದಕರು ಒಂದನ್ನು ಹಿಡಿದರೆ ಉಳಿದವು ಜಾರುತ್ತವೆ. ಅದಕ್ಕೇ ಒಂದೇ ಸಂಕಲನ ಇಂಗ್ಲಿಷಿನಲ್ಲಿ ಬೇರೆಬೇರೆ ಶೀರ್ಷಿಕೆಗಳಲ್ಲಿ ಬಂದಿದೆ, ಅವನ್ನೆಲ್ಲ ಮೂಲದ ಹೆಸರಿನಡಿ ಕಟ್ಟಿಡುವ ಕೆಲಸ ಮತ್ತೆ ಕ್ಯಾಟಲಾಗಿನ ಮೇಜಿಗೇ ಬೀಳುತ್ತದೆ.

ವ್ಯಾಕರಣವೂ ಕೈಕೊಡುತ್ತದೆ. ಕನ್ನಡದಲ್ಲಿ ಕರ್ತೃಪದ ಬಿಟ್ಟರೂ ‘ಹೋದಳು’ ಎಂಬ ಕ್ರಿಯಾಪದವೇ ಹೋದದ್ದು ಯಾರೆಂದು ಸುಳಿವು ಕೊಡುತ್ತದೆ. ಕೊರಿಯನ್ ಕ್ರಿಯಾಪದ ಅಷ್ಟನ್ನೂ ಬಿಟ್ಟುಕೊಡದು. ಹೋದದ್ದು ನಾನೋ, ಅವನೋ, ಅವಳೋ? ಹೋದವರಿಗೆ ಎಷ್ಟು ಗೌರವ ಸಲ್ಲಬೇಕೆಂಬುದನ್ನು ಮಾತ್ರ ಹೇಳೀತು. ವಾಕ್ಯದ ತುದಿಯವರೆಗೆ ಕ್ರಿಯಾಪದವನ್ನು ಕಾದಿರಿಸುವ ಅಭ್ಯಾಸ ಕನ್ನಡಕ್ಕೂ ಕೊರಿಯನ್ನಿಗೂ ಇದೆ. ಇಂಗ್ಲಿಷು ಅದನ್ನು ಮೊದಲೇ ಕೇಳುತ್ತದೆ. ಕೊನೆಯ ಪದದಲ್ಲಿ ತಿರುವು ಪಡೆಯುವ ಕವಿತೆಗೆ ಇದು ಸಣ್ಣ ನಷ್ಟವಲ್ಲ.

ಹೊಟ್ಟೆಪಾಡಿಗೆ ಗ್ರಂಥಾಲಯ, ಅನುವಾದಕ್ಕೆ ಅನುದಾನ. ಕೊರಿಯನ್ ಸಾಹಿತ್ಯದ ಅನುವಾದಕ್ಕೆಂದೇ 1996ರಲ್ಲಿ ಸರ್ಕಾರಿ ನೆರವಿನ ಸಂಸ್ಥೆ ಹುಟ್ಟಿತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಪಾಲಕರಿಗೂ ಅಧ್ಯಾಪಕರ ದರ್ಜೆಯಿದ್ದು, ಬಡ್ತಿಗೆ ಪ್ರಕಟಣೆ ಬೇಕು. ಕವಿತೆಯ ಅನುವಾದ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಸಮಿತಿಯ ಕೈಯಲ್ಲಿ.

ಅನುವಾದ ಅಚ್ಚಾದ ಮೇಲೆ ಅದೂ ಉಳಿದ ಪುಸ್ತಕಗಳ ಪೆಟ್ಟಿಗೆಯಲ್ಲಿ ಅದೇ ಮೇಜಿಗೆ ಬರುತ್ತದೆ. ಕರ್ತೃವಿನ ಜಾಗದಲ್ಲಿ ಕವಿಯ ಹೆಸರು, ಅನುವಾದಕರಿಗೆ ಕೆಳಗೊಂದು ಹೆಚ್ಚುವರಿ ನಮೂದು. ತಮ್ಮ ಹೆಸರನ್ನು ಯಾವ ರೂಪದಲ್ಲಿ ಬರೆಯಬೇಕೆಂದು ಗ್ರಂಥಪಾಲಕರು ಮತ್ತೆ ನಿಯಮಾವಳಿ ತೆರೆಯುತ್ತಾರೆ.