ರಣಹದ್ದುಗಳ ರಕ್ಷಣೆ: ನಮ್ಮೆಲ್ಲರ ಹೊಣೆ
(ಮುಂಬಯಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಈ ಮಹಾನಗರದ ಆಕಾಶದತ್ತ ಕತ್ತೆತ್ತಿ ನೋಡಿದರೆ ಇಂದಿಗೂ ಹದ್ದುಗಳು ಕಾಣುತ್ತವೆ. ದೇವನಾರದ ಕಸದ ರಾಶಿಯ ಮೇಲೆ ಅವು ಗುಂಪುಗುಂಪಾಗಿ ಸುತ್ತುತ್ತಿರುತ್ತವೆ. ಆದರೆ ಅವುಗಳಿಗಿಂತಲೂ ವಿಶಾಲವಾದ ರೆಕ್ಕೆಗಳನ್ನು ಚಾಚಿ ತೇಲುತ್ತಿದ್ದ ರಣಹದ್ದುಗಳು ಇಲ್ಲಿಂದ ಮರೆಯಾಗಿವೆ.

ಈ ಕಣ್ಮರೆಯ ನೋವನ್ನು ನಗರದಲ್ಲಿ ಎಲ್ಲರಿಗಿಂತ ಮೊದಲು ಅನುಭವಿಸಿದವರು ಪಾರಸಿ ಬಂಧುಗಳು. ಭೂಮಿ, ನೀರು ಮತ್ತು ಬೆಂಕಿ ಮಲಿನವಾಗಬಾರದೆಂಬ ಶ್ರದ್ಧೆಯಿಂದ ಅವರು ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ, 17ನೆಯ ಶತಮಾನದಿಂದಲೂ, ಮೃತದೇಹಗಳನ್ನು ರಣಹದ್ದುಗಳಿಗೆ ಅರ್ಪಿಸುತ್ತ ಬಂದರು. ಹಕ್ಕಿಗಳು ಇಲ್ಲವಾದಾಗ ಸೂರ್ಯಕಿರಣಗಳನ್ನು ಕೇಂದ್ರೀಕರಿಸುವ ಫಲಕಗಳನ್ನು ಅಲ್ಲಿ ಅಳವಡಿಸಬೇಕಾಯಿತು. ದಹನಸಂಸ್ಕಾರವನ್ನು ಆಯ್ದುಕೊಳ್ಳುವ ಪಾರಸಿಗಳಿಗಾಗಿ 2015ರಲ್ಲಿ ವರಳಿಯಲ್ಲಿ ಪ್ರಾರ್ಥನಾ ಮಂದಿರವೂ ತೆರೆಯಿತು. ಒಂದು ಪಕ್ಷಿಯ ಅವನತಿಯು ಒಂದು ಸಮುದಾಯದ ಅಂತ್ಯಸಂಸ್ಕಾರ ಪದ್ಧತಿಯನ್ನೇ ಅಲುಗಾಡಿಸಿತೆಂಬುದು ಗಮನಿಸತಕ್ಕ ಸಂಗತಿ.

ಈ ಅವನತಿಯ ಎಚ್ಚರಿಕೆಯನ್ನು ನೀಡಿದ್ದು ಇದೇ ನಗರದ ಸಂಸ್ಥೆ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ಡಾ. ವಿಭು ಪ್ರಕಾಶ್ ಅವರು ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ರಣಹದ್ದುಗಳು ಕ್ಷೀಣಿಸುತ್ತಿರುವುದನ್ನು 1999ರಲ್ಲಿ ಪ್ರಕಟಿಸಿದರು. ಮುಂದಿನ ಸಮೀಕ್ಷೆಗಳ ಪ್ರಕಾರ, 1992ರಿಂದ 2007ರ ಅವಧಿಯಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99ಕ್ಕೂ ಹೆಚ್ಚು ಕುಸಿದಿತ್ತು.

ಕಾರಣವೇನು? 2004ರಲ್ಲಿ ವಿಜ್ಞಾನಿಗಳು ಉತ್ತರ ಕಂಡುಕೊಂಡರು. ದನಕರುಗಳ ನೋವು ಮತ್ತು ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧವೇ ಮೂಲ. ಔಷಧ ಪಡೆದ ಸ್ವಲ್ಪ ಸಮಯದಲ್ಲೇ ಸತ್ತ ಪ್ರಾಣಿಯ ಮಾಂಸವನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಡುತ್ತವೆ. ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಇಡೀ ಸಂತತಿ ನಾಶವಾಗಲು ಸಾಕೆಂದು ಲೆಕ್ಕಾಚಾರಗಳು ತೋರಿಸಿದವು. ಒಂದು ಕಳೇಬರವನ್ನು ಹತ್ತಾರು ಹಕ್ಕಿಗಳು ಒಟ್ಟಿಗೆ ತಿನ್ನುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಹೀಗಿರುವಾಗ ನಷ್ಟವನ್ನು ತುಂಬಿಕೊಳ್ಳುವುದು ಸುಲಭವಲ್ಲ.

ಇದರ ಪರಿಣಾಮವನ್ನು ಮನುಷ್ಯರೂ ಅನುಭವಿಸಿದರು. ರಣಹದ್ದುಗಳು ತಿಂದು ಮುಗಿಸುತ್ತಿದ್ದ ಕಳೇಬರಗಳು ಕೊಳೆಯತೊಡಗಿದವು, ಬೀದಿನಾಯಿಗಳು ಹೆಚ್ಚಿದವು, ಹುಚ್ಚುನಾಯಿ ರೋಗದ ಭಯವೂ ಬೆಳೆಯಿತು. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಮರಣಗಳಿಗೆ ಈ ಕಣ್ಮರೆಯೇ ಕಾರಣವೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ.

ಸರ್ಕಾರವು 2006ರಲ್ಲಿ ಪಶುಗಳಿಗೆ ಡೈಕ್ಲೋಫಿನ್ಯಾಕ್ ಬಳಕೆಯನ್ನು ನಿಷೇಧಿಸಿತು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ಪಶುಗಳ ಚಿಕಿತ್ಸೆಗೆ ಬಳಕೆಯಾಗುತ್ತಿದ್ದುದರಿಂದ, 2015ರಲ್ಲಿ ಸೀಸೆಯ ಪ್ರಮಾಣವನ್ನು 3 ಮಿಲಿಲೀಟರಿಗೆ ಸೀಮಿತಗೊಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫಿನ್ಯಾಕ್‌ಗಳನ್ನೂ ಪಶುಚಿಕಿತ್ಸೆಯಿಂದ ದೂರವಿಡಲಾಯಿತು. ಹರಿಯಾಣದ ಪಿಂಜೋರ್‌ನಲ್ಲಿ ಜಟಾಯುವಿನ ಹೆಸರನ್ನು ಹೊತ್ತ ಕೇಂದ್ರದಲ್ಲಿ ರಣಹದ್ದುಗಳ ಸಂತಾನಾಭಿವೃದ್ಧಿ ಕಾರ್ಯ ನಡೆದಿದೆ.

ಆದರೆ ಔಷಧದ ನಿಷೇಧವೊಂದೇ ಸಾಲದು, ನೆಲೆಗಳೂ ಉಳಿಯಬೇಕು. ಥಾರ್ ಮರುಭೂಮಿಯ ಬಿಕಾನೇರ್ ಬಳಿಯ ಜೋಡ್‌ಬೀಡ್‌ನಲ್ಲಿ ಸತ್ತ ಒಂಟೆ ಮತ್ತು ದನಗಳನ್ನು ಹಾಕುವ ಬಯಲಿದೆ. ಚಳಿಗಾಲದಲ್ಲಿ ದೂರದ ಮಧ್ಯ ಏಷ್ಯಾದಿಂದಲೂ ರಣಹದ್ದುಗಳು ಮತ್ತು ಗಿಡುಗಗಳು ಅಲ್ಲಿಗೆ ಬಂದಿಳಿಯುತ್ತವೆ. ಮರಗಳು ವಿರಳವಾದ ಆ ಬಯಲಿನಲ್ಲಿ ವಿದ್ಯುತ್ ತಂತಿಗಳು ಅವುಗಳಿಗೆ ಪ್ರಾಣಾಂತಕವಾಗುತ್ತವೆ. ನಮ್ಮ ಕರ್ನಾಟಕದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳಿಗೆ ಆಶ್ರಯವಾದ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು. ಮರುಭೂಮಿಯ ಬಯಲಾಗಲಿ, ಬಂಡೆಯ ಬೆಟ್ಟವಾಗಲಿ, ಅವುಗಳಿಗೆ ಬೇಕಾದುದು ವಿಷವಿಲ್ಲದ ಆಹಾರ ಮತ್ತು ಭಯವಿಲ್ಲದ ಗೂಡು.

ಮಹಾನಗರದಲ್ಲಿರುವ ನಾವೇನು ಮಾಡಬಲ್ಲೆವು ಎಂದು ತಾವು ಕೇಳಬಹುದು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಮನೆಯಿದೆ, ಹಟ್ಟಿಯಿದೆ. ಮುಂದಿನ ಸಲ ಊರಿಗೆ ಹೋದಾಗ, ಹಸುವಿಗೆ ನೋವಿನ ಮದ್ದು ಬೇಕಾದರೆ ಸುರಕ್ಷಿತವೆಂದು ಸಿದ್ಧವಾಗಿರುವ ಮೆಲೋಕ್ಸಿಕ್ಯಾಮ್ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಿರಿ. ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಮದ್ದು ತರಬೇಡಿರೆಂದು ಮನೆಯವರಿಗೂ ತಿಳಿಹೇಳಿರಿ. ಇಲ್ಲಿ ಸಂಕ್ರಾಂತಿಯ ಸಮಯದಲ್ಲಿ ಗಾಳಿಪಟಕ್ಕೆ ನೈಲಾನ್ ಮಾಂಜಾ ಬಳಸದಂತೆ ಮಕ್ಕಳಿಗೆ ಕಲಿಸಿರಿ. ಆ ದಾರದಿಂದ ರೆಕ್ಕೆ ಕೊಯ್ದುಕೊಂಡ ಹದ್ದು ಕಂಡರೆ, ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆಯಂತಹ ಕಡೆ ಚಿಕಿತ್ಸೆಗೆ ತಲುಪಿಸಿರಿ.

ಸೀತೆಯನ್ನು ಉಳಿಸಲು ಹೋರಾಡಿ ಮಡಿದ ಜಟಾಯುವಿನ ಅಂತ್ಯಕ್ರಿಯೆಯನ್ನು ಶ್ರೀರಾಮನು ಸ್ವತಃ ನೆರವೇರಿಸಿದನೆಂದು ಓದಿದವರು ನಾವು. ಆ ಕುಲವು ನಮ್ಮ ಅಜಾಗ್ರತೆಯಿಂದ ಅಳಿಯಬಾರದು. ಮಲಬಾರ್ ಹಿಲ್‌ನ ಮರಗಳ ಮೇಲೆ ರಣಹದ್ದುಗಳು ಮತ್ತೆ ಕುಳಿತುಕೊಳ್ಳುವ ದಿನ ದೂರವಿರಬಹುದು. ಆ ದಿನಕ್ಕೆ ಬೇಕಾದ ಎಚ್ಚರವನ್ನು ನಾವು ಇಂದೇ ವಹಿಸಬೇಕು.