ಕಿವಿಗೆ ಬೀಳುವ ಕಾಗುಣಿತ



ಪತ್ರಿಕೆಯಲ್ಲಿ ಒಂದು ಪದ ಅರ್ಥವಾಗದಿದ್ದರೆ ನಾವು ಹಿಂದಿನ ಸಾಲಿಗೆ ಹೋಗಿ ಮತ್ತೊಮ್ಮೆ ಓದುತ್ತೇವೆ. ರೇಡಿಯೋ ಕೇಳುವವರಿಗೆ ಆ ಅನುಕೂಲವಿಲ್ಲ. ಮಾತು ಒಮ್ಮೆ ಬಂದು ಹೋಯಿತೆಂದರೆ ಹೋಯಿತು. ಆದ್ದರಿಂದ ಬಾನುಲಿಯಲ್ಲಿ ಬಳಸುವ ಪದ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಹಾಳೆಯ ಮೇಲೆ ಅದರ ಕಾಗುಣಿತ ಸರಿಯಿರಬೇಕು; ಕಿವಿಗೆ ಬಿದ್ದಾಗ ಅದರ ಅರ್ಥ ಸ್ಪಷ್ಟವಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಏನಾಗುತ್ತದೆ ಎಂಬುದನ್ನು ಕೆಲವು ಪದಗಳ ಮೂಲಕ ನೋಡೋಣ.

ಮೊದಲನೆಯದು 'ಆಕಾಶವಾಣಿ'. ಇದು ನಮ್ಮ ಜಿಲ್ಲೆಯಿಂದಲೇ ಹೊರಟ ಹೆಸರು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಒಂದು ಪುಟ್ಟ ಬಾನುಲಿ ನಿಲಯವನ್ನು ಆರಂಭಿಸಿದರು. ಅದಕ್ಕೆ ಒಪ್ಪಿದ ಹೆಸರು ಆಕಾಶವಾಣಿ. ಪುರಾಣದ ಕಥೆಗಳಲ್ಲಿ ಅಶರೀರವಾಣಿಯನ್ನು ಕೇಳಿದ್ದ ನಮ್ಮ ಜನರಿಗೆ ಈ ಹೆಸರನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. 1950ರ ದಶಕದಲ್ಲಿ ಇದೇ ಹೆಸರು ಇಡೀ ಭಾರತದ ಬಾನುಲಿಯ ಹೆಸರಾಯಿತು. 2023ರಲ್ಲಿ ಪ್ರಸಾರ ಭಾರತಿಯು ಇಂಗ್ಲಿಷಿನಲ್ಲಿ ಕೂಡ 'ಆಲ್ ಇಂಡಿಯಾ ರೇಡಿಯೋ' ಎಂಬುದನ್ನು ಬಿಟ್ಟು ಆಕಾಶವಾಣಿ ಎಂದೇ ಹೇಳಬೇಕೆಂದು ಸೂಚಿಸಿತು. ಆದರೆ ಆ ಇಂಗ್ಲಿಷ್ ಬರಹವನ್ನು ಗಮನಿಸಿ. ಅದರಲ್ಲಿ 'ಶ'ದ ಮುಂದಿನ ಅಕಾರ ಇಲ್ಲ. ಹಿಂದಿಯ ಉಚ್ಚಾರಣೆಯಂತೆ ಅದು 'ಆಕಾಶ್‌ವಾಣಿ'. ಕನ್ನಡದಲ್ಲಿ ನಾವು ಆ ಅಕಾರವನ್ನು ಪೂರ್ತಿಯಾಗಿ ನುಡಿಯುತ್ತೇವೆ. ಇಂಗ್ಲಿಷ್ ಬರಹವನ್ನು ನೋಡಿ ಕನ್ನಡದ ಹೆಸರನ್ನು ಮೊಟಕು ಮಾಡಬೇಕಾಗಿಲ್ಲ.

ಎರಡನೆಯದು 'ಬಾನುಲಿ'. ಬಾನು ಎಂದರೆ ಆಕಾಶ, ಉಲಿ ಎಂದರೆ ನುಡಿ. ಎರಡೂ ಸೇರಿ ಬಾನುಲಿ. ಇದನ್ನು 'ಭಾನುಲಿ' ಎಂದು ಬರೆಯುವವರಿದ್ದಾರೆ. 'ಬ'ಕ್ಕೆ ಹೊಕ್ಕಳು ಸೀಳಿದರೆ ಪದಕ್ಕೆ ಗೌರವ ಹೆಚ್ಚುತ್ತದೆ ಎಂಬ ಭಾವನೆ ಇರಬಹುದು! ಆದರೆ ಭಾನು ಎಂದರೆ ಸೂರ್ಯ. ಆಕಾಶದ ನುಡಿ ಹೋಗಿ ಸೂರ್ಯನ ನುಡಿಯಾಯಿತು. 'ದನಿ' ಎಂಬ ಪದವೂ ಹೀಗೆಯೇ. ಸಂಸ್ಕೃತದ 'ಧ್ವನಿ'ಗೆ ಮಹಾಪ್ರಾಣ ಬೇಕು. ಅದರ ತದ್ಭವವಾದ 'ದನಿ'ಗೆ ಬೇಡ. ದನಿಗೆ ಮಹಾಪ್ರಾಣ ಕೊಟ್ಟರೆ ಅದು 'ಧನಿ', ಅಂದರೆ ಹಣವಂತ. ಒಳ್ಳೆಯ ದನಿಯುಳ್ಳವರೆಲ್ಲ ಧನಿಗಳಲ್ಲ.

ಮೂರನೆಯದು 'ಬಿತ್ತರ'. ಇಂಗ್ಲಿಷಿನ 'ಬ್ರಾಡ್‌ಕಾಸ್ಟ್' ಹೊಲದಿಂದ ಬಂದ ಪದ. ಕೂರಿಗೆಯಿಂದ ಸಾಲಾಗಿ ಬಿತ್ತದೆ, ಕೈಯಿಂದ ಬೀಜವನ್ನು ಹೊಲದ ತುಂಬ ಎರಚುವುದಕ್ಕೆ ಆ ಹೆಸರಿತ್ತು. ಹಾಗಾದರೆ ನಮ್ಮ ಬಿತ್ತರವೂ 'ಬಿತ್ತು' ಎಂಬುದರಿಂದ ಬಂದಿತೆ? ಸುತ್ತೂರಿನ ಗದ್ದೆ ಬಯಲಿನಲ್ಲಿ ಬೆಳೆದವರಿಗೆ ಹಾಗೆನ್ನಿಸುವುದು ಸಹಜ. ಆದರೆ ಬಿತ್ತರ ಎಂಬುದು 'ವಿಸ್ತಾರ'ದ ತದ್ಭವ. ವಕಾರ ಬಕಾರವಾಗಿ, 'ಸ್ತ' ಎಂಬುದು 'ತ್ತ' ಆಗಿ ಈ ರೂಪ ಬಂದಿದೆ. ಬೀಜಕ್ಕೂ ಇದಕ್ಕೂ ಹುಟ್ಟಿನ ನಂಟಿಲ್ಲ. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಅರ್ಥಕ್ಕೆ ಬಂದು ನಿಂತಿವೆ.

ಇನ್ನು ವಿಜ್ಞಾನದ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕಾದ ಜೋಡಿಪದ: 'ತರಂಗಾಂತರ' ಮತ್ತು 'ಕಂಪನಾಂಕ'. "100.6 ತರಂಗಾಂತರದಲ್ಲಿ ಕೇಳಿ" ಎಂಬಂಥ ಮಾತು ಬಹಳ ರೂಢಿಯಲ್ಲಿದೆ. ಅದು ಸರಿಯಲ್ಲ. ತರಂಗಾಂತರವೆಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ಅಂತರ. ಅದನ್ನು ಮೀಟರಿನಲ್ಲಿ ಹೇಳುತ್ತೇವೆ. ಕಂಪನಾಂಕವೆಂದರೆ ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆ. ಅದನ್ನು ಹರ್ಟ್ಸ್‌ನಲ್ಲಿ ಹೇಳುತ್ತೇವೆ. ಬಾನುಲಿಯ ಅಲೆ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಸಾಗುತ್ತದೆ. ಈ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ. ಬೆಂಗಳೂರು ಆಕಾಶವಾಣಿಯಿಂದ ಬಹುಕಾಲ ಕೇಳಿಬಂದ 612 ಕಿಲೋಹರ್ಟ್ಸ್‌ಗೆ ತರಂಗಾಂತರ ಸುಮಾರು 490 ಮೀಟರ್. ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್‌ಗೆ ಅದು ಸುಮಾರು 3 ಮೀಟರ್ ಮಾತ್ರ. ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ. ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ವಿಷಯವೇ ತಲೆಕೆಳಗಾಗುತ್ತದೆ.

ಇಷ್ಟರವರೆಗೆ ನೋಡಿದ ತಪ್ಪುಗಳಿಂದ ಹೆಚ್ಚೆಂದರೆ ಪರೀಕ್ಷೆಯಲ್ಲಿ ಅಂಕ ಹೋಗಬಹುದು. ಆದರೆ ಹೊಳೆ ತುಂಬಿದಾಗ ತಪ್ಪು ಕೇಳಿಸಿಕೊಂಡರೆ ಹೋಗುವುದು ಅಂಕವಲ್ಲ. ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡನ್ನು ದಾಟಿ, ಸುತ್ತೂರಿನ ಪಕ್ಕದಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ನಂಜನಗೂಡಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಂಥ ದಿನಗಳಲ್ಲಿ ಸುದ್ದಿಯಲ್ಲಿ ಬರುವ ಎರಡು ಪದಗಳು 'ಒಳಹರಿವು' ಮತ್ತು 'ಹೊರಹರಿವು'. ಹಾಳೆಯ ಮೇಲೆ ಇವುಗಳ ನಡುವೆ ಯಾವ ಗೊಂದಲವೂ ಇಲ್ಲ. ಕಿವಿಗೆ ಮಾತ್ರ ಬಹಳ ಹತ್ತಿರ. ಅದರಲ್ಲಿಯೂ ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ಹಾಲು 'ಆಲು' ಆಗುತ್ತದೆ, ಹಸು 'ಅಸು' ಆಗುತ್ತದೆ. ಇದು ಆಡುಮಾತಿನ ನಿಯಮ, ಅದನ್ನು ಯಾರೂ ಹೀನಾಯವಾಗಿ ಕಾಣಬಾರದು. ಆದರೆ ಆ ಕಿವಿಗೆ 'ಒಳ' ಮತ್ತು 'ಹೊರ' ಎಂಬುವುಗಳ ನಡುವೆ ಉಳಿಯುವುದು ಳಕಾರ, ರಕಾರಗಳ ವ್ಯತ್ಯಾಸ ಒಂದೇ. ನದಿಯ ದಂಡೆಯವರಿಗೆ ಬೇಕಾದದ್ದು ಹೊರಹರಿವಿನ ಲೆಕ್ಕ. ಆದ್ದರಿಂದ "ಜಲಾಶಯಕ್ಕೆ ಬರುತ್ತಿರುವ ನೀರು ಇಷ್ಟು, ನದಿಗೆ ಬಿಟ್ಟಿರುವ ನೀರು ಇಷ್ಟು" ಎಂದು ಬಿಡಿಸಿ ಹೇಳುವುದೇ ಒಳ್ಳೆಯ ಬಾನುಲಿ ಕನ್ನಡ. ಎರಡು ಪದ ಹೆಚ್ಚಾದರೂ ಚಿಂತೆಯಿಲ್ಲ.

ಇಲ್ಲಿಯೇ ಇನ್ನೊಂದು ಮಾತು. 'ಸೆಕೆಂಡಿಗೆ 20 ಸಾವಿರ ಕ್ಯೂಸೆಕ್' ಎಂದು ಹೇಳುವುದುಂಟು. ಕ್ಯೂಸೆಕ್ ಎಂದರೇ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. ಸೆಕೆಂಡು ಅದರೊಳಗೇ ಇದೆ. ಮತ್ತೆ ಹೇಳುವ ಅಗತ್ಯವಿಲ್ಲ. ಕ್ಯೂಸೆಕ್ ಹರಿಯುವ ನೀರಿನ ಅಳತೆ, ಟಿ.ಎಂ.ಸಿ. ನಿಂತ ನೀರಿನ ಅಳತೆ. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ.

ಮಿತ್ರರೇ, ನೀವೂ ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ಶಾಲೆಯ ಅಥವಾ ಊರಿನ ಒಂದು ಸುದ್ದಿಯನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ನಿಘಂಟು ನೋಡಿ ಕಾಗುಣಿತ ತಿದ್ದಿ. ಆಮೇಲೆ ಅದನ್ನು ಮನೆಯ ಹಿರಿಯರೊಬ್ಬರಿಗೆ ಒಂದೇ ಸಲ ಓದಿ ಹೇಳಿ, ಏನು ತಿಳಿಯಿತೆಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ವಾಕ್ಯವನ್ನೇ ಹೊರತು ಅವರ ಕಿವಿಯನ್ನಲ್ಲ.